ಟವರಿನ ಪಕ್ಕದವರು

ಕಣಿವೆಗೆ ಬಿದ್ದ ಕರುವನ್ನು ಹುಡುಕಲು ದನಗಾಹಿಗಳು ಹೊರಟಾಗ, ಬೆಟ್ಟದ ತುದಿಯ ಟವರ್ ಅವರ ಜೇಬಿನ ಫೋನುಗಳಿಗೆ ಹೇಳಿತು: "ನನ್ನ ಸಿಗ್ನಲ್ ಅಲ್ಲಿಗೆ ಇಳಿಯದು. ಅಲ್ಲಿ ನೀವೆಲ್ಲ ಮೂಕರು."

"ಬ್ಲೂಟೂತಿನಲ್ಲಿ ಪಕ್ಕದವರ ಜೊತೆ ಮಾತಾಡಿಕೊಳ್ಳುತ್ತೇವೆ," ಎಂದಿತು ಗಾಜು ಒಡೆದ ಒಂದು ಫೋನು.

ದನಗಾಹಿಗಳು ಒಬ್ಬರಿಗೊಬ್ಬರು ತೀರ ದೂರವಾಗದಂತೆ ಸಾಲಾಗಿ ಇಳಿದರು. ತಳದಲ್ಲಿ ಕರು ಸಿಕ್ಕಿತು. ಅಲ್ಲಿದ್ದ ಫೋನು ಪಕ್ಕದ ಫೋನಿಗೆ ಹೇಳಿತು, ಅದು ತನ್ನ ಪಕ್ಕದ್ದಕ್ಕೆ. ಸುದ್ದಿ ಹಾಗೇ ಮೇಲೇರಿತು. ಮೇಲಿದ್ದವರು ಹಗ್ಗ ಇಳಿಬಿಟ್ಟರು. ಕರು ಮೇಲೆ ಬಂದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

"ನಿನಗೆ ಯಾರು ಹೇಳಿದರು?" ಟವರ್ ಕೇಳಿತು.

"ಪಕ್ಕದವನು," ಎಂದಿತು ಸಾಲಿನ ಮೇಲ್ತುದಿಯಲ್ಲಿದ್ದ ಆ ಗಾಜು ಒಡೆದ ಫೋನು.

"ಅವನಿಗೆ?"

"ಅವನ ಪಕ್ಕದವನು."

ಟವರ್ ಸುತ್ತಮುತ್ತ ನೋಡಿತು. "ನನಗೆ ಪಕ್ಕದವರೇ ಇಲ್ಲ."

"ಈಗ ನಾನಿದ್ದೇನಲ್ಲ. ಕರು ಸಿಕ್ಕಿದೆ, ಮುಂದಿನವರಿಗೆ ಹೇಳಿ."