ಸೀಗಲಹಳ್ಳಿಯ ಮಜ್ಜಿಗೆಗುಡ್ಡೆ

ಸೀಗಲಹಳ್ಳಿಯ ಕೆರೆ ಏರಿಯ ಮೇಲೆ, ತೂಬಿಗೆ ಹತ್ತು ಹೆಜ್ಜೆ ಈಚೆ, ಎದೆಯೆತ್ತರದ ಒಂದು ಕಲ್ಲುರಾಶಿ ಇದೆ. ಹೆಸರು ಮಜ್ಜಿಗೆಗುಡ್ಡೆ. ಹೊಸಬರು ಅದನ್ನು ಒಂದು ಸುತ್ತು ಹಾಕಿ, ಮೂಗರಳಿಸಿ, ಎಲ್ಲಿಯ ಮಜ್ಜಿಗೆ ಎಂದು ಕೇಳುತ್ತಾರೆ. ಅಲ್ಲಿರುವುದು ಬಿಸಿಲು, ಎರಡು ಓತಿಕೇತ, ಮತ್ತು ಕಲ್ಲುಗಳ ಅಡಿಯಿಂದ ಇಣುಕುವ ಒಂದು ಚಪ್ಪಡಿಯ ಅಂಚು. ಮುಟ್ಟಿದರೆ ಬೆಣ್ಣೆಯಷ್ಟು ನುಣುಪು. ಕೂತು ಕೂತು ಸವೆದದ್ದು ಎನ್ನುತ್ತಾರೆ. ಯಾರು ಕೂತದ್ದು ಎಂದರೆ ಊರಿನವರು ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಚಪ್ಪಡಿಯೇ ಕೆರೆಯಜಮಾನನ ಗದ್ದುಗೆಯಾಗಿತ್ತಂತೆ. ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವವನು ಅವನೇ. ಅವನನ್ನು ಆರಿಸುವವರೂ ಊರವರೇ, ಬೇಡವಾದರೆ ಇಳಿಸುವವರೂ ಊರವರೇ. ಇಳಿಸುವ ಕ್ರಮ ಹೀಗಿತ್ತು: ಅಮಾವಾಸ್ಯೆಯಂದು ಹೊತ್ತು ಮೂಡಿ ಮುಳುಗುವುದರೊಳಗೆ, ಊರಿನ ಅರವತ್ತು ಒಲೆಗಳಲ್ಲಿ ಅರ್ಧಕ್ಕೂ ಹೆಚ್ಚಿನವರು ಒಲೆಗೊಂದು ಕಲ್ಲು ತಂದು ಗದ್ದುಗೆಯ ಮೇಲೆ ಇಡಬೇಕು. ಕೂರಲು ಜಾಗ ಹೋಯಿತು, ಯಜಮಾನಿಕೆಯೂ ಹೋಯಿತು. ಆದರೆ ಕಲ್ಲಿಡುವಾಗ ಗದ್ದುಗೆ ಖಾಲಿ ಇರಬೇಕು. ಕೂತವನ ತಲೆ ಒಡೆಯಬಾರದೆಂದು ಹಿರಿಯರು ಕರುಣೆಯಿಂದ ಮಾಡಿದ ಕಟ್ಟಳೆ ಅದು. ಮನುಷ್ಯ ಅಂದಮೇಲೆ ಯಾವಾಗಲಾದರೂ ಏಳುತ್ತಾನೆ ಎಂದುಕೊಂಡಿದ್ದರು, ಪಾಪ. ಅವರು ಮೂಡ್ಲಪ್ಪನನ್ನು ನೋಡಿರಲಿಲ್ಲ.

ಮೂಡ್ಲಪ್ಪ ಯಜಮಾನನಾಗಿ ಎರಡು ವರ್ಷವಾಗಿತ್ತು. ಕೆರೆಯ ನೀರೆಲ್ಲ ಅವನ ಭಾವಮೈದುನನ ಕಬ್ಬಿಗೆ ಹರಿದು, ಉಳಿದ ತೇವ ಕೆಳಬಯಲಿಗೆ ಬರುತ್ತಿತ್ತು. ಅಮಾವಾಸ್ಯೆ ಬಂತೆಂದರೆ ಅವನು ಕೋಳಿಗಿಂತ ಮೊದಲೇ ಎದ್ದು, ದಿಂಬು, ರೊಟ್ಟಿ ಗಂಟು ಹಿಡಿದು ಬಂದು ಗದ್ದುಗೆಗೆ ಅಂಟಿಬಿಡುತ್ತಿದ್ದ. ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಮುಟ್ಟುತ್ತಿರಲಿಲ್ಲ. ಕಲ್ಲು ಹೊತ್ತು ಬಂದವರು ಸಂಜೆಯವರೆಗೆ ನಿಂತು, ಕುತ್ತಿಗೆ ಉಳುಕಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಕೆಳಬಯಲಿನ ತುದಿಯ ತುಂಡು ಗದ್ದೆ ಸಣ್ಣೀರಕ್ಕನದು. ಮೂರೂರಿಗೆ ಮಜ್ಜಿಗೆ ಮಾರಿ ಬದುಕುತ್ತಿದ್ದ ಹೆಂಗಸು. ಆ ವರ್ಷ ಅವಳ ಸಸಿಮಡಿ ಹಳದಿಗೆ ತಿರುಗಿತು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವಳು ಏರಿ ಹತ್ತಿ ಬಂದು ಕೇಳಿದಳು.

“ಅಣ್ಣಾ, ಒಂದು ರಾತ್ರಿ ನೀರು ಬಿಡು. ಇನ್ನು ನಾಲ್ಕು ದಿನ ಕಳದ್ರೆ ಸಸಿ ದನಕ್ಕೂ ಆಗಲ್ಲ.”

“ಹಳದಿ ಶುಭ ಕಣಮ್ಮ,” ಎಂದ ಮೂಡ್ಲಪ್ಪ. “ನಾನು ಬ್ಯಾಡಾಂದ್ರೆ ಇಳಿಸ್ಕಳಿ. ಅಮಾಸೆ ನಾಡಿದ್ದೇ ಐತಲ್ಲ.”

ಸಣ್ಣೀರಕ್ಕ ಮನೆಗೆ ಬಂದು ಆ ಸಿಟ್ಟನ್ನೆಲ್ಲ ಕಡಗೋಲಿಗೆ ಹಾಕಿದಳು. ಬೆಣ್ಣೆ ತೇಲುವ ಹೊತ್ತಿಗೆ ಅವಳಿಗೆ ಹಿರಿಯರ ಇನ್ನೊಂದು ಕಟ್ಟಳೆ ನೆನಪಾಯಿತು. ಹಿಂದೊಬ್ಬ ಯಜಮಾನ ಉಳ್ಳವರ ಮನೆಯದನ್ನು ಉಂಡು ಇಲ್ಲದವರ ಮನೆಯದನ್ನು ಒಲ್ಲೆ ಎಂದಿದ್ದನಂತೆ. ಅಂದಿನಿಂದ, ಗದ್ದುಗೆಯಲ್ಲಿ ಕೂತವನು ಯಾವ ಒಲೆಯವರು ಏನು ಕೊಟ್ಟರೂ ಬೇಡ ಅನ್ನುವಂತಿಲ್ಲ. ಬೇಡ ಅಂದನೋ, ಗದ್ದುಗೆ ಬಿಟ್ಟಂತೆಯೇ. ಇದು ಊರಿಗೆಲ್ಲ ಗೊತ್ತಿತ್ತು. ಆದರೆ ಯಾರ ಮೇಲೆ ಸಿಟ್ಟಿದೆಯೋ ಅವನಿಗೇ ಕೈಯಾರೆ ಏನಾದರೂ ಕೊಡುವ ಬುದ್ಧಿ ಯಾರಿಗೆ ಬಂದೀತು? ಸಣ್ಣೀರಕ್ಕ ಅಂದೇ ಮನೆಮನೆ ತಿರುಗಿ, ಇದ್ದಬದ್ದ ಮೊಸರೆಲ್ಲ ಕೂಡಿಸಿದಳು.

ಅಮಾವಾಸ್ಯೆಯ ಬೆಳಿಗ್ಗೆ ಮೂಡ್ಲಪ್ಪ ದಿಂಬು ಹಾಕಿ ಕೂತದ್ದೇ ತಡ, ಊರಿಗೆ ಊರೇ ಸಾಲುಗಟ್ಟಿ ಬಂತು. ಕೈಯಲ್ಲಿ ಚೆಂಬು, ಕಂಕುಳಲ್ಲಿ ಬಟ್ಟೆ ಮುಚ್ಚಿದ ಕುಕ್ಕೆ. ಶುಂಠಿ ಜಜ್ಜಿದ್ದು, ಇಂಗಿನ ಒಗ್ಗರಣೆಯದ್ದು, ಸೌತೆಕಾಯಿ ತುರಿದದ್ದು, ಬಗೆಬಗೆಯ ಮಜ್ಜಿಗೆ. ಮೊದಲ ಚೆಂಬಿಗೆ ಅವನು ಮೀಸೆ ಒರೆಸಿಕೊಂಡು ಆಶೀರ್ವಾದ ಮಾಡಿದ. ಐದನೆಯದಕ್ಕೆ ನಗು ನಿಂತಿತು. ಒಂಬತ್ತನೆಯದಕ್ಕೆ ಎರಡು ಮೊಣಕಾಲೂ ಒಂದಕ್ಕೊಂದು ಒತ್ತಿಕೊಂಡವು. ಸಣ್ಣೀರಕ್ಕ ಪಕ್ಕದಲ್ಲೇ ನಿಂತು, ಆರಲಿ ಎಂಬಂತೆ, ತಣ್ಣಗಿದ್ದ ಮಜ್ಜಿಗೆಯನ್ನೇ ಮೇಲಿನ ಮಡಕೆಯಿಂದ ಕೆಳಗಿನ ಮಡಕೆಗೆ ಸಣ್ಣ ಧಾರೆಯಾಗಿ ಸುರಿಯತೊಡಗಿದಳು. ಸೊರ್ ಎಂದು ಅದು ಮುಗಿಯುತ್ತಲೇ ಇರಲಿಲ್ಲ.

“ಅದನ್ನ ನಿಲ್ಸಮ್ಮ ತಾಯಿ,” ಎಂದ ಮೂಡ್ಲಪ್ಪ, ಹಲ್ಲು ಕಚ್ಚಿ.

“ನಿಲ್ಸೋದು ಬಿಡೋದು ನಿನ್ನ ಕೈಲಿ ಐತೆ ಕಣಣ್ಣ. ತಗೋ, ಇದು ನಮ್ಮ ಒಲೆಯದು.”

ಹನ್ನೊಂದನೆಯ ಚೆಂಬು ಖಾಲಿಯಾಯಿತು. ಸಣ್ಣೀರಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣು ಮಾತ್ರ ಏರಿಯ ಕೆಳಗಿನ ಲಕ್ಕಿಪೊದೆಯ ಮೇಲಿತ್ತು. ಮರುಕ್ಷಣ ದಿಂಬು ಒಂದು ಕಡೆ, ಪೇಟ ಒಂದು ಕಡೆ, ಯಜಮಾನ ಪೊದೆಯ ಕಡೆ. ಅಷ್ಟು ವೇಗವಾಗಿ ಆ ಊರಲ್ಲಿ ನೀರೂ ಹರಿದಿರಲಿಲ್ಲ ಎನ್ನುತ್ತಾರೆ. ಕುಕ್ಕೆಗಳ ಬಟ್ಟೆ ಸರಿದವು.

ಅವನು ಪರಮಶಾಂತನಾಗಿ ಮರಳಿ ಬರುವಷ್ಟರಲ್ಲಿ ಗದ್ದುಗೆಯ ಮೇಲೆ ನಲವತ್ತೊಂದು ಕಲ್ಲು. ಬಿದ್ದಿದ್ದ ಪೇಟ ಎತ್ತಿಕೊಂಡು ಕೇಳಿದ.

“ಮೊದಲನೇದು ಯಾರು ಇಟ್ಟಿದ್ದು?”

“ನಾನೇ,” ಎಂದಳು ಅವನ ಹೆಂಡತಿ. “ಎರಡು ವರ್ಷದಿಂದ ಅಮಾಸೆಗೆಲ್ಲ ಕೋಳಿ ಕೂಗೋಕೆ ಮುಂಚೆ ಎದ್ದು ರೊಟ್ಟಿ ತಟ್ಟಿ ತಟ್ಟಿ ಕೈ ಬಿದ್ದೋಗೈತೆ.”

ಮೂಡ್ಲಪ್ಪನಿಗೂ ನಗು ಬಂತಂತೆ. ಅಂದೇ ಸಂಜೆ ತೂಬು ತೆಗೆದರು. ಕೆಳಬಯಲಿಗೆ ಮೊದಲ ಸರದಿ. ಸಣ್ಣೀರಕ್ಕನ ಸಸಿ ವಾರದಲ್ಲಿ ಹಸಿರಾಯಿತು. ಕಲ್ಲುಗಳನ್ನು ಯಾರೂ ಕದಲಿಸಲಿಲ್ಲ, ಇನ್ನೊಂದು ಗದ್ದುಗೆಯನ್ನೂ ಮಾಡಿಸಲಿಲ್ಲ. ಮುಂದಿನ ಯಜಮಾನರೆಲ್ಲ ನಿಂತೇ ನೀರು ಹಂಚಿದರು.

ಇಂದಿಗೂ ಸೀಗಲಹಳ್ಳಿಯಲ್ಲಿ ಪಂಚಾಯ್ತಿಗೆ ಗೆದ್ದವರನ್ನು ಮೊದಲು ಇಲ್ಲಿಗೇ ಕರೆತಂದು ಕೈಗೊಂದು ಚೆಂಬು ಮಜ್ಜಿಗೆ ಕೊಡುತ್ತಾರೆ. ಗೆದ್ದವರು ನಿಂತೇ ಕುಡಿದು, ಅಭ್ಯಾಸಬಲದಿಂದ ಎಂಬಂತೆ, ಒಮ್ಮೆ ಕೆಳಗೆ ನೋಡುತ್ತಾರೆ. ಅಲ್ಲಿ ಆ ಲಕ್ಕಿಪೊದೆ ಇನ್ನೂ ಇದೆ. ಬೇಸಿಗೆಯಲ್ಲಿ ಏರಿಯುದ್ದಕ್ಕೂ ಎಲ್ಲ ಗಿಡ ಒಣಗಿದರೂ ಅದೊಂದು ಮಾತ್ರ ಹಚ್ಚಗೆ ಇರುತ್ತದೆ.