ನಿಂತರೆ ಆಫ್ ಆಗುವ ಕಾರು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಕೆಲಸದಲ್ಲಿರುವಷ್ಟು ಹೊತ್ತು ನನ್ನ ಮನಸ್ಸು ಸರಿಯಾಗಿರುತ್ತದೆ. ಸುಮ್ಮನೆ ಕೂತರೆ ತಳಮಳ. ಇನ್ನೊಂದು ಜಪ ಕೊಡಿ, ಬಿಡುವೇ ಇಲ್ಲದಂತೆ ಮಾಡಿಕೊಳ್ಳುತ್ತೇನೆ.”

ಗುರು ಹೇಳಿದರು:

ಸೀರೆ ವ್ಯಾಪಾರದ ಹೆಂಗಸೊಬ್ಬಳು ಹಳೆಯ ಕಾರಿನಲ್ಲಿ ಅಕ್ಕನ ಊರಿಗೆ ಹೊರಟಿದ್ದಳು; ಎಂದಿನ ರಸ್ತೆ ಮುಚ್ಚಿದ್ದರಿಂದ ಬೇರೆ ರಸ್ತೆ ಹಿಡಿದು ದಾರಿ ತಪ್ಪಿದ್ದಳು. ಕಾರು ಓಡುವಾಗ ಚೆನ್ನಾಗಿತ್ತು. ನಿಂತರೆ ಆಫ್ ಆಗುತ್ತಿತ್ತು, ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಹಾಗಾಗಿ ಅವಳು ನಿಲ್ಲುವುದನ್ನೇ ಬಿಟ್ಟಿದ್ದಳು. ಅಕ್ಕನ ಮನೆ ಮುಂದೆಯೂ ನಾಲ್ಕು ವರ್ಷದಿಂದ ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ, ಕಿಟಕಿಯಿಂದ ಸೀರೆ ಕೊಟ್ಟು ಹೋಗುತ್ತಿದ್ದಳು. ‘ಒಂದು ಮಾತಿದೆ, ಇಳಿದು ಬಾರೆ’ ಎಂದು ಅಕ್ಕ ಪ್ರತಿ ಸಲ ಕರೆಯುತ್ತಿದ್ದಳು. ‘ಮುಂದಿನ ಸಲ’ ಎಂದು ಇವಳು ಸಾಲ ಹೇಳುತ್ತಿದ್ದಳು. ಈಗ ಅಕ್ಕನ ಗಂಟಲಿನಲ್ಲಿ ಗಡ್ಡೆ. ನಾಳೆ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಕವಲುದಾರಿಯಲ್ಲಿ ಗ್ಯಾರೇಜಿನ ಮುಂದೆ ಒಬ್ಬ ಮುದುಕ ಕೂತಿದ್ದ. ಇವಳು ಕಾರು ನಿಲ್ಲಿಸದೆಯೇ ಕೂಗಿ ದಾರಿ ಕೇಳಿದಳು. ಅವನು ಹೇಳಿದ್ದು, ‘ನೀರಿನ ಟ್ಯಾಂಕ್ ಹತ್ತಿರ ಎಡಕ್ಕೆ ತಿರುಗಬೇಡಿ.’ ‘ಎಡಕ್ಕೆ’ ಎನ್ನುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಎಡಕ್ಕೇ ತಿರುಗಿದಳು. ಕಲ್ಲುಕ್ವಾರಿಯಲ್ಲಿ ದಾರಿ ಮುಗಿಯಿತು. ವಾಪಸು ಬಂದಳು.

‘ಅಜ್ಜ, ಸರಿಯಾಗಿ ಹೇಳಬಾರದಾ?’

‘ಸರಿಯಾಗೇ ಹೇಳಿದೆ ತಾಯಿ. ಬೇಡ ಅನ್ನೋದು ಕೊನೆಗೆ ಬರುತ್ತೆ. ಅಲ್ಲಿಯವರೆಗೆ ನೀವು ಇರಬೇಕಲ್ಲ. ಮೊದಲು ಗಾಡಿ ನಿಲ್ಲಿಸಿ.’

‘ನಿಲ್ಲಿಸಿದರೆ ಆಫ್ ಆಗುತ್ತೆ. ನಾಲ್ಕು ಊರಿನ ಮೆಕ್ಯಾನಿಕ್ಕುಗಳು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ನಿಂತಾಗಲೂ ಇಂಜಿನ್ ಓಡುತ್ತಿರಲಿ ಅಂತ ಐಡ್ಲಿಂಗ್ ಏರಿಸಿಕೊಟ್ಟರು. ಹದಿನೈದು ದಿನ ಇರುತ್ತೆ, ಆಮೇಲೆ ಅದೇ ಕತೆ. ನೀವೂ ಒಂದು ಸುತ್ತು ತಿರುಗಿಸಿಬಿಡಿ, ಹೊತ್ತಾಯಿತು.’

‘ತಿರುಗಿಸೋಕೆ ಇನ್ನು ಸುತ್ತು ಉಳಿದಿದ್ದರೆ ತಾನೆ’ ಎಂದ ಮುದುಕ, ಬಾನೆಟ್ ಎತ್ತಿ ನೋಡಿ.

ಅವಳಿಗೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿಯಲು ಹೇಳಿ, ಕಾರ್ಬುರೇಟರಿನ ಬುಡದ ಸುತ್ತ ಹನಿಹನಿಯಾಗಿ ನೀರು ಬಿಟ್ಟ. ಒಂದು ಕಡೆ ಇಂಜಿನ್ ಆ ನೀರನ್ನು ಒಳಕ್ಕೆ ಎಳೆದುಕೊಂಡಿತು, ಸದ್ದು ಬದಲಾಯಿತು. ಅಲ್ಲಿ ಹೊರಗಿನ ಗಾಳಿ ನುಗ್ಗದಂತೆ ತಡೆಯುವ ಪ್ಯಾಕಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಅವನು ಇಂಜಿನ್ ಆಫ್ ಮಾಡಿಸಿ, ದಪ್ಪ ಕಾಗದ ಕತ್ತರಿಸಿ ಹೊಸ ಪ್ಯಾಕಿಂಗ್ ಕೂರಿಸಿದ. ಏರಿಸಿದ್ದ ಸ್ಕ್ರೂವನ್ನು ಪೂರ್ತಿ ಇಳಿಸಿ ಹದಕ್ಕೆ ತಂದ. ಕಾರು ನಿಂತಲ್ಲೇ ಸಣ್ಣಗೆ ಗುನುಗತೊಡಗಿತು.

‘ಇಷ್ಟು ಸಣ್ಣ ಬಿರುಕಾ? ಓಡುವಾಗ ಏನೂ ಗೊತ್ತಾಗುತ್ತಿರಲಿಲ್ಲ.’

‘ಓಡುವಾಗ ಅದು ಮೂಟೆಗಟ್ಟಲೆ ಗಾಳಿ ಎಳೆಯುತ್ತೆ. ಕದ್ದು ನುಗ್ಗೋ ಚೂರು ಲೆಕ್ಕಕ್ಕಿಲ್ಲ. ನಿಂತಾಗ ಬೇಕಾಗೋದು ಒಂದು ಹಿಡಿ. ಆಗ ಆ ಚೂರೇ ಕೆಡಿಸುತ್ತೆ.’

ಈ ಸಲ ದಾರಿಯನ್ನು ಪೂರ್ತಿ ಕೇಳಿಸಿಕೊಂಡು ಹೊರಟಳು. ಮಧ್ಯಾಹ್ನ ಅಕ್ಕನ ಮನೆ ಮುಂದೆ ಕಾರು ಆಫ್ ಮಾಡಿ, ಕೀ ತೆಗೆದುಕೊಂಡು ಇಳಿದಳು.

ಅಕ್ಕ ಗೊಗ್ಗರು ದನಿಯಲ್ಲಿ ಹೇಳಿದಳು. ನಾಲ್ಕು ವರ್ಷದ ಹಿಂದೆ ಅಮ್ಮ ಸಾಯುವಾಗ ಮೂರು ದಿನ ಇವಳ ಹೆಸರು ಹಿಡಿದು ಕರೆದಿದ್ದಳು. ಇವಳು ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಪ್ರತಿ ಸಲ ಕರೆಯುತ್ತಿದ್ದುದು ಈ ಮಾತಿಗೇ ಎಂದು ಇವಳು ಮೊದಲೇ ಊಹಿಸಿದ್ದಳು. ಆದರೂ ಎದ್ದು ಹೋಗಲಿಲ್ಲ. ಅಕ್ಕನ ದನಿ ಸೋಲುವವರೆಗೆ ಕೂತು ಕೇಳಿದಳು.

ಕತೆ ಮುಗಿಸಿ ಗುರು ಶಿಷ್ಯನ ಕಡೆ ತಿರುಗಿದರು.

“ಜಪ ಆಮೇಲೆ ಕೊಡೋಣ. ಸುಮ್ಮನೆ ಕೂತಾಗ ನಿನಗೆ ಕೇಳಿಸುವುದು ಯಾರ ದನಿ?”