ಸುಕ್ಕಿಲ್ಲದ ರೆಕ್ಕೆ

ಹೊಳೆಯ ದಂಡೆಯ ಮೇಲೆ ತಗಡಿನ ಚಾವಣಿಯ ಒಂದು ಶೆಡ್ಡು. ಒಳಗೆ ಒಂದು ಮೇಜು, ಒಂದು ಹೊರಸು. ಅಲ್ಲಿ ಬಡಿಗೇರ ಮೌನೇಶಪ್ಪಜ್ಜ ವಿಮಾನ ಕಟ್ಟುವುದನ್ನು ಕಲಿಸುತ್ತಿದ್ದ.

ಆಟಿಕೆಯಲ್ಲ. ಬಾಲ್ಸಾ ಎಂಬ ಹಗುರ ಕಟ್ಟಿಗೆಯಲ್ಲಿ ಕಟ್ಟಿ, ಮೋಟರು ಕೂಡಿಸಿ, ನೆಲದ ಮೇಲೆ ನಿಂತು ರಿಮೋಟಿನಿಂದ ನಡೆಸುವ ವಿಮಾನ. ನಿಜವಾಗಿ ಹಾರುವಂಥದ್ದು.

ಊರವರು ಆ ಶೆಡ್ಡಿಗೆ ವಿಮಾನದ ಮಠ ಎನ್ನುತ್ತಿದ್ದರು. ಮಠದಲ್ಲಿ ಮೇಜು ಒಂದೇ, ಹೀಗಾಗಿ ಒಂದು ಸಲಕ್ಕೆ ಶಿಷ್ಯರೂ ಒಬ್ಬರೇ.

ಒಂದು ಬೆಳಿಗ್ಗೆ ಫಕೀರವ್ವ ಬಂದಳು. ವಯಸ್ಸು ನಲವತ್ತಾರು. ಪೇಟೆಯಲ್ಲಿ ನಾಲ್ಕು ಮಷೀನಿನ ಹೊಲಿಗೆ ಅಂಗಡಿ ಅವಳದು.

"ಯಾರು ಕಳಿಸ್ಯಾರ?" ಅಜ್ಜ ಕೇಳಿದ.

"ಯಾರೂ ಕಳಿಸಿಲ್ರಿ. ನಾನೇ ಬಂದೀನಿ."

"ಹೊಲಿಗಿ ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಹಳೇ ಜಂಪರ ಬಿಚ್ಚಿ ಬಿಚ್ಚಿ ಕಲತೆ."

"ಓದಾಕ ಬರತೈತಿ?"

"ಬರತೈತ್ರಿ. ಅದೂ ನಾನೇ ಕಲತದ್ದು. ಅಳತಿ ಕತ್ತರಸೋ ಪೇಪರಿನ ಮ್ಯಾಲೆ."

"ಎಲ್ಲಾ ತಾನೇ ಕಲತಾಕಿ ನನ್ನ ಹತ್ರ ಯಾಕ ಬಂದಿ?"

"ವಿಮಾನದ ಹಳೇದು ಬಿಚ್ಚಾಕ ಸಿಗಲಿಲ್ರಿ."

ಅಜ್ಜ ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ಕೇಳಿದ: "ಯಾಕ ಬೇಕು ನಿನಗ ವಿಮಾನ?"

ಈ ಸಲ ಅವಳು ಮೇಜಿನ ಅಂಚು ಸವರುತ್ತ ಹೇಳಿದಳು.

"ಮೂವತ್ತು ವರ್ಷ ನಾ ಹೊಲದದ್ದೆಲ್ಲಾ ಯಾರದೋ ಮೈಮ್ಯಾಲೆ ಕೂತೈತ್ರಿ. ಒಂದಾದ್ರೂ ಹಾರಬೇಕು."

ಅಜ್ಜ ಮೇಜಿನ ಮೇಲಿನ ಧೂಳು ಒರೆಸಿದ.

"ಡ್ಯಾಮಿನಿಂದ ಹೊಳಿಗೆ ನೀರ ಬಿಡೂತನಾ ಈ ಮೇಜು ನಿಂದು. ಉಸುಕು ಒಣಗಿದ್ರ ಅಷ್ಟೇ ವಿಮಾನ ಇಳಸಾಕ ಜಾಗಾ. ನೀರು ಬರೂದ್ರಾಗ ನಿಂದು ಹಾರಿದ್ರ ಮುಂದಿಂದು ಕಟ್ಟಾಕ ಕೂಡ್ರು. ಹಾರಲಿಲ್ಲಂದ್ರ ಮೇಜು ಬಿಡು. ಕಂಡಕ್ಟರ್ ಒಬ್ಬಾಂವ ಎರಡು ವರ್ಷದಿಂದ ಕಾಯಾಕತ್ಯಾನ."

"ಅಂವಗ ಇನ್ನೆರಡು ವರ್ಷ ಕಾಯಾಕ ಹೇಳ್ರಿ," ಎಂದಳು ಫಕೀರವ್ವ.

ಅಂದಿನಿಂದ ಅವಳು ದಿನವೂ ಅಂಗಡಿ ಬಾಗಿಲು ತೆರೆಯುವ ಮೊದಲು ಬರುತ್ತಿದ್ದಳು.

ನಕ್ಷೆಯನ್ನು ಅಜ್ಜ ಒಮ್ಮೆ ತೋರಿಸಿದ. ಎರಡನೇ ಸಲ ತೋರಿಸುವುದು ಬೇಕಾಗಲಿಲ್ಲ. ಕುತ್ತಿಗೆಯ ಅಳತೆ, ಎದೆಯ ಅಳತೆ ಹಿಡಿದ ಕಣ್ಣು ಅದು. ರೆಕ್ಕೆಗೆ ಕತ್ತರಿಸಿದ ಕಟ್ಟಿಗೆಯ ಪಕ್ಕೆಲುಬುಗಳನ್ನು ಒಂದರ ಮೇಲೆ ಒಂದು ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಅಂಟು ಎಷ್ಟು ಹಾಕ್ಲೆರಿ?"

"ಸಾಕು ಅನಸೂದಕ್ಕಿಂತ ಒಂದು ಹನಿ ಕಮ್ಮಿ."

"ಕಮ್ಮಿ ಹಾಕಿದ್ರ ಬಿಚ್ಚಿಕೊಳ್ಳಂಗಿಲ್ಲೇನ್ರಿ?"

"ಬಿಚ್ಚಿಕೊಂಡ್ರ ಮತ್ತ ಹಚ್ಚಬಹುದು. ಹೆಚ್ಚಾದ್ರ ಆ ಭಾರ ಕಡೀತನಕ ಹೊರಬೇಕು."

ಹಲಗೆಯ ತುದಿಯನ್ನು ಹಿಡಿಯಲೇ ಎಂದು ಅಜ್ಜ ಆಗಾಗ ಕೇಳುತ್ತಿದ್ದ. ಗರಗಸ ಆಡಿಸುವಾಗ ಒಂದು ಕೈ ಆಸರೆ ಇದ್ದರೆ ಒಳ್ಳೆಯದು.

"ಬ್ಯಾಡ್ರಿ. ನನಗ ರೂಢಿ ಐತಿ." ಅವಳು ಮೊಣಕಾಲಿನಿಂದ ಒತ್ತಿ ಹಿಡಿದು ಕೊಯ್ಯುತ್ತಿದ್ದಳು.

ಅಜ್ಜ ಹೊರಸಿಗೆ ಮರಳುತ್ತಿದ್ದ. ಅವನ ಕೈಗಳು ಒಂದೆರಡು ವರ್ಷದಿಂದ ನಡುಗುತ್ತಿದ್ದವು. ಈಗ ಅವನು ಕಟ್ಟುತ್ತಿರಲಿಲ್ಲ, ಕಲಿಸುತ್ತಿದ್ದ ಅಷ್ಟೇ. ಸಂಜೆ ಅವನ ಹಳೆಯ ವಿಮಾನವೊಂದನ್ನು ಹಾರಿಸಿ ಅವಳು ರಿಮೋಟು ಹಿಡಿಯುವುದನ್ನೂ ಕಲಿತಳು.

ಮೂರು ತಿಂಗಳಿಗೆ ವಿಮಾನದ ಎಲುಬಿನ ಗೂಡು ಸಿದ್ಧವಾಯಿತು. ಉಳಿದದ್ದು ಮೇಲೆ ಹೊದಿಕೆ. ಅದು ತೆಳುವಾದ ಪ್ಲಾಸ್ಟಿಕ್ ಹಾಳೆ. ಇಸ್ತ್ರಿಯ ಕಾವು ತಾಗಿದರೆ ಎಲುಬಿಗೆ ಅಂಟಿ, ತಬಲದ ಚರ್ಮದ ಹಾಗೆ ಬಿಗಿಯುತ್ತದೆ.

"ಇದಕ್ಕ ನೀವು ಹೇಳೂದೇನೂ ಬ್ಯಾಡ್ರಿ," ಎಂದಳು ಫಕೀರವ್ವ. "ಇಸ್ತ್ರಿ ನನ್ನ ಕಸಬು."

"ಹಂಗಾದ್ರ ನಾ ಜಳಕಾ ಮಾಡಿ ಬರ್ತೀನಿ," ಎಂದು ಅಜ್ಜ ಹೊಳೆಯಲ್ಲಿ ಉಳಿದಿದ್ದ ಮಡುವಿಗೆ ಇಳಿದ.

ಬರುವಷ್ಟರಲ್ಲಿ ರೆಕ್ಕೆ ಮುಗಿದಿತ್ತು. ಕೆಂಪು ಹಾಳೆ. ಒಂದು ಸುಕ್ಕಿಲ್ಲ, ಒಂದು ಗುಳ್ಳೆ ಇಲ್ಲ.

ಅಜ್ಜ ಅಂಗೈಯನ್ನು ರೆಕ್ಕೆಯ ಉದ್ದಕ್ಕೂ ಆಡಿಸಿದ.

"ಎಪ್ಪತ್ತು ವರ್ಷದಾಗ ಇಂಥಾ ನುಣುಪು ನೋಡಿಲ್ಲ."

ಅವಳ ಮುಖ ಅರಳಿತು.

ಅಜ್ಜ ರೆಕ್ಕೆಯನ್ನು ಎತ್ತಿ ಮೂಲೆಯಲ್ಲಿದ್ದ ಸಪಾಟಾದ ಕಡಪಾ ಕಲ್ಲಿನ ಮೇಲೆ ಇಟ್ಟ. ಮೂರು ಮೂಲೆ ಕಲ್ಲಿಗೆ ಕೂತವು. ನಾಲ್ಕನೆಯದು ಎದ್ದು ನಿಂತಿತು. ಅದರ ಕೆಳಗೆ ಅಜ್ಜ ತನ್ನ ಬೆರಳು ತೂರಿಸಿದ. ಸಲೀಸಾಗಿ ಹೋಯಿತು.

ಫಕೀರವ್ವ ಬಗ್ಗಿ ನೋಡಿದಳು. ರೆಕ್ಕೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು.

"ಮೊದಲು ಯಾವ ಮೈಗೆ ಇಸ್ತ್ರಿ ಮಾಡಿದಿ?"

"ಮ್ಯಾಲಿನ ಮೈಗ್ರಿ. ಪೂರಾ ಬಿಗಿಮಾಡಿ, ಆಮ್ಯಾಲೆ ಕೆಳಗಿಂದು. ಒಂದು ಮೈ ಮುಗೀಲಾರದ ಇನ್ನೊಂದು ಮುಟ್ಟೂದು ನನ್ನ ಪದ್ಧತಿ ಅಲ್ರಿ."

"ಮ್ಯಾಲಿಂದು ಬಿಗಿದು ಎಳಕೊಂಡೈತಿ. ಕೆಳಗಿಂದಕ್ಕ ಎದುರು ಎಳಿಯಾಕ ಅವಕಾಶ ಸಿಕ್ಕಿಲ್ಲ. ಎರಡೂ ಮೈಗೆ ಸ್ವಲ್ಪ ಸ್ವಲ್ಪ ಕಾವು ಕೊಡಬೇಕಿತ್ತು."

"ಹಾರಂಗಿಲ್ಲೇನ್ರಿ?"

"ಹಾರತೈತಿ. ಎಡಕ್ಕ ಹೊಳ್ಳತೈತಿ, ಇನ್ನೂ ಎಡಕ್ಕ ಹೊಳ್ಳತೈತಿ, ಮೂಗಿನ ಮ್ಯಾಲೆ ಬೀಳತೈತಿ. ನೋಡಾಕ ಮಾತ್ರ ಭಾಳ ಚಂದ ಇರತೈತಿ."

ಫಕೀರವ್ವ ತುಟಿ ಕಚ್ಚಿದಳು. "ಸರಿಮಾಡೂದು ಹೆಂಗ್ರಿ?"

"ತಿರುವಿದ ಕಡಿಗೆ ಎದುರು ತಿರುವಿ ಹಿಡಿ. ಹಿಡದಾಗ ಕಾವು ಕೊಡು. ಆರೂತನಕ ಬಿಡಬ್ಯಾಡ."

ಇಷ್ಟು ಹೇಳಿ ಅಜ್ಜ ಹೊರಸಿನ ಮೇಲೆ ಕೂತ.

ಅದೇ ದಿನ ಊರಲ್ಲಿ ಡಂಗುರ ಸಾರಿದರು. ಸೋಮವಾರ ಹನ್ನೊಂದಕ್ಕೆ ಮೇಲಿನ ಡ್ಯಾಮಿನ ಗೇಟು ತೆಗೆಯುತ್ತಾರೆ, ಹೊಳೆಯಲ್ಲಿ ಯಾರೂ ಇಳಿಯಬಾರದು. ಅಂದು ಗುರುವಾರ.

ಶುಕ್ರವಾರ ಫಕೀರವ್ವ ರೆಕ್ಕೆಯ ಒಂದು ಮೂಲೆಗೆ ಇಟ್ಟಿಗೆ ಹೇರಿದಳು, ಇನ್ನೊಂದು ಮೂಲೆಗೆ ಕೆಳಗಿಂದ ಬೆಣೆ ಕೊಟ್ಟಳು. ಕಾವು ಕೊಡುವಾಗ ಇಟ್ಟಿಗೆ ಜಾರಿತು. ತಿರುವು ಹಾಗೇ ಉಳಿಯಿತು.

"ಏನಾರ ಬೇಕೇನು?" ಅಜ್ಜ ಕೇಳಿದ.

"ಏನೂ ಬ್ಯಾಡ್ರಿ."

ಶನಿವಾರ ದಾರದಿಂದ ಮೇಜಿನ ಕಾಲಿಗೆ ಬಿಗಿದು ಕಟ್ಟಿದಳು. ಕಾವಿಗೆ ದಾರ ಹಾಳೆಯೊಳಗೆ ಇಳಿದು ಗೆರೆ ಬಿತ್ತು. ತಿರುವು ಅರ್ಧ ಬೆರಳು ಕಡಿಮೆಯಾಯಿತು, ಬಿಚ್ಚಿದಾಗ ಮತ್ತೆ ಬಂದಿತು.

"ಚಾ ಕುಡೀತಿ?"

"ಬ್ಯಾಡ್ರಿ."

"ಚಾ ಮಾಡಾಕ ನಿನಗ ಹೇಳಿಲ್ಲ. ಕುಡೀತಿ ಏನಂತ ಕೇಳಿದೆ."

ಅವಳು ಬಿಚ್ಚಿದ ದಾರವನ್ನು ಉಂಡೆ ಸುತ್ತತೊಡಗಿದಳು.

ಭಾನುವಾರ ಒಂದು ತುದಿಯನ್ನು ಮೊಣಕಾಲುಗಳ ನಡುವೆ ಒತ್ತಿ, ಇನ್ನೊಂದನ್ನು ಗದ್ದದಿಂದ ಅದುಮಿ, ಎಡಗೈಯಲ್ಲಿ ತಿರುವಿ, ಬಲಗೈಯಲ್ಲಿ ಇಸ್ತ್ರಿ ಹಿಡಿದಳು.

ಚಟ್ ಎಂದು ಸದ್ದಾಯಿತು. ಪಕ್ಕೆಲುಬೊಂದು ಮುರಿದಿತ್ತು.

ಅವಳು ಇಸ್ತ್ರಿಯನ್ನು ಕಲ್ಲಿನ ಮೇಲೆ ಕುಕ್ಕಿದಳು.

"ಮೂರು ದಿನದಿಂದ ಕೂತು ನೋಡಾಕತ್ತೀರಿ. ಒಂದು ದಾರಿ ಹೇಳವಲ್ಲಿರಿ!"

"ಹೇಳೀನಲ್ಲ. ತಿರುವಿ ಹಿಡಿ, ಕಾವು ಕೊಡು."

"ನನಗಿರೂವು ಎರಡೇ ಕೈ ರೀ!"

"ಎಣಿಸಿದಿ?"

"ಎಣಿಸೀನಿ."

"ಈ ಶೆಡ್ಡಿನಾಗ ಎಷ್ಟು ಅದಾವು?"

ಫಕೀರವ್ವ ಕಿಟಕಿಯ ಕಡೆ ನೋಡಿದಳು.

"ನಿಮ್ಮ ಕೈ ನಡಗ್ತಾವ್ರಿ," ಎಂದಳು.

ಅಜ್ಜ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಆಡುತ್ತಿದ್ದವು.

"ಖಾಲಿ ಅದಾವಲ್ಲ, ಅದಕ್ಕ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಗಂಟೆಯ ಸದ್ದು ದೂರವಾಯಿತು.

ಫಕೀರವ್ವ ಬ್ಲೇಡು ತೆಗೆದುಕೊಂಡು, ಸುಕ್ಕಿಲ್ಲದ ಆ ಹಾಳೆಯಲ್ಲಿ ಒಂದು ಸಣ್ಣ ಕಿಂಡಿ ಕೊಯ್ದಳು. ಮುರಿದ ಎಲುಬಿಗೆ ಅಂಟು ಬಿಟ್ಟಳು. ಸಾಕು ಅನಿಸುವುದಕ್ಕಿಂತ ಒಂದು ಹನಿ ಕಡಿಮೆ. ಅದು ಗಟ್ಟಿಯಾದ ಮೇಲೆ ಕಿಂಡಿಗೆ ತೇಪೆ ಹಚ್ಚಿದಳು. ತೇಪೆ ಎದ್ದು ಕಾಣುತ್ತಿತ್ತು.

ಆಮೇಲೆ ರೆಕ್ಕೆ ಎತ್ತಿಕೊಂಡು ಹೊರಸಿನ ಮುಂದೆ ನಿಂತಳು.

"ಹಿಡೀರಿ," ಎಂದಳು, ಗೋಡೆಗೆ ಹೇಳಿದ ಹಾಗೆ.

"ಯಾರಿಗಂದಿ?"

"ನಿಮಗ್ರಿ. ಇಲ್ಲಿ ಇನ್ಯಾರು ಅದಾರ?"

"ಸ್ವಲ್ಪ ಕಿವಿನೂ ಮಂದ ಆಗ್ಯಾವು. ಏನಂದಿ?"

ಅವಳು ಉಸಿರು ಎಳೆದುಕೊಂಡಳು. "ಅಜ್ಜಾರ, ನನಗ ಇದು ಒಬ್ಬಾಕಿಗೆ ಆಗವಲ್ದು. ಒಂದೀಟು ಹಿಡೀರಿ."

ಅಜ್ಜ ಎದ್ದ. ರೆಕ್ಕೆಯ ಎರಡೂ ತುದಿ ಹಿಡಿದು ಎದುರು ದಿಕ್ಕಿಗೆ ತಿರುವಿದ. ಕೈಗಳು ಕಲ್ಲಿನ ಕಂಬಗಳಂತೆ ನಿಂತವು.

ಅವಳು ಕಾವು ಕೊಟ್ಟಳು. ಮೇಲಿನ ಮೈಗೆ ಒಂದೀಟು, ಕೆಳಗಿನ ಮೈಗೆ ಒಂದೀಟು. ಹಾಳೆ ಮೊದಲು ಸಡಿಲಾಗಿ ನೆರಿಗೆ ಬಿತ್ತು, ಆಮೇಲೆ ಮೆಲ್ಲಗೆ ಬಿಗಿಯಿತು.

"ಬಿಡ್ತೀರೇನ್ರಿ?"

"ಆರಲಿ."

ಆರುವವರೆಗೆ ಮಾಡಲು ಬೇರೆ ಕೆಲಸ ಇರಲಿಲ್ಲ.

"ನಿಮ್ಮ ಮೊದಲನೇ ರೆಕ್ಕಿ ಯಾರು ಹಿಡದಿದ್ರು ಅಜ್ಜಾರ?"

"ನನ್ನ ಹೇಣ್ತಿ. ರೊಟ್ಟಿ ಬಡಿಯಾಕತ್ತಿದ್ಲು, ಹಂಗೇ ಎದ್ದು ಬಂದ್ಲು. ಕೈ ತುಂಬ ಜ್ವಾಳದ ಹಿಟ್ಟು. ವಿಮಾನ ಹಾರಿದಾಗೂ ಆ ಹಿಟ್ಟಿನ ಬಟ್ಟು ರೆಕ್ಕಿ ಮ್ಯಾಲೆ ಹಂಗೇ ಇದ್ವು."

"ಒರಸಲಿಲ್ಲೇನ್ರಿ?"

"ಒರಸಾಕ ಮನಸು ಬರಲಿಲ್ಲ."

ಅಜ್ಜ ಕೇಳಿದ: "ನೀ ಬಿಚ್ಚಿದ ಆ ಹಳೇ ಜಂಪರ ಯಾರು ಹೊಲದದ್ದು?"

"ನಮ್ಮ ಓಣಿ ನೀಲವ್ವಾಯಿ ಹೊಲದದ್ದು ರೀ."

"ಹೆಂಗಿದ್ಲು?"

"ಮಾತು ಕಮ್ಮಿ ರೀ. ಹೊಲಿಗಿ ಟಾಕಿ ಮಾತ್ರ ಸಾಸಿವಿ ಕಾಳಿನಂಗ. ಕಂಕುಳದಾಗ ಯಾರೂ ನೋಡದ ಜಾಗಾದಾಗೂ ಎರಡು ಸಲ ಹೊಲದಿರ್ತಿದ್ಲು. ಬಿಚ್ಚಾಕ ನನಗ ಅರ್ಧ ದಿನ ಹಿಡೀತಿತ್ತು. ಆ ಎರಡು ಸಲದ ಹೊಲಿಗಿ ನೋಡೇ ನಾ..."

ಫಕೀರವ್ವ ಇಸ್ತ್ರಿಯನ್ನು ನೆಲಕ್ಕೆ ಇಟ್ಟಳು.

"ಮತ್ತ ಆ ಜಂಪರ ನಿನಗ ಯಾರು ಕೊಟ್ರು?"

"ಆಕೀನೇ ರೀ. ಹರದದ್ದು ಎಲ್ಲಾ ಗಂಟು ಕಟ್ಟಿ ನಮ್ಮ ಕಟ್ಟಿ ಮ್ಯಾಲೆ ಇಟ್ಟು ಹೋಗ್ತಿದ್ಲು. ಕಸಕ್ಕ ಚೆಲ್ಲಾಕ ಇಟ್ಟಾಳಂತ ತಿಳಕೊಂಡಿದ್ದೆ ನಾ."

"ಅದಾಳೇನು?"

"ಇಲ್ರಿ. ತೀರಿಕೊಂಡು ಒಂಬತ್ತು ವರ್ಷ ಆತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಗಡಿ ತೆರದಾಗ ಇಡೀ ಓಣಿಗೆ ಪೇಡೆ ಹಂಚಿದೆ ರೀ. ಆಕಿಗೂ ಒಂದು ಕೊಟ್ಟೆ. ಎಲ್ಲಾರಿಗೂ ಕೊಟ್ಟಂಗ ಒಂದು."

ಅಜ್ಜ ರೆಕ್ಕೆಯಿಂದ ಕೈ ಬಿಡಲಿಲ್ಲ.

ರೆಕ್ಕೆ ಪೂರ್ತಿ ಆರಿದ ಮೇಲೆ ಕಲ್ಲಿನ ಮೇಲೆ ಇಟ್ಟರು. ನಾಲ್ಕೂ ಮೂಲೆ ಕೂತವು. ಅಜ್ಜ ಬೆರಳು ತೂರಿಸಲು ನೋಡಿದ. ಉಗುರೂ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಹೊಳೆಯ ಉಸುಕಿಗೆ ಇಳಿದರು. ಗಾಳಿ ಪಡುವಣದಿಂದ ಬೀಸುತ್ತಿತ್ತು. ಅಜ್ಜ ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದ. ಫಕೀರವ್ವನ ಕೈಯಲ್ಲಿ ರಿಮೋಟು.

"ಒಗೀಲಿ?"

"ತಡೀರಿ... ಹಾಂ, ಒಗೀರಿ."

ಅಜ್ಜ ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ ತೂರಿಬಿಟ್ಟ.

ವಿಮಾನ ಒಮ್ಮೆ ಕೆಳಗಿಳಿಯಿತು. ಫಕೀರವ್ವ ಏನೋ ಕೂಗಿದಳು. ಅದು ಉಸುಕಿನಿಂದ ಗೇಣುದ್ದ ಮೇಲೆ ಸಾವರಿಸಿಕೊಂಡು, ಎಡಕ್ಕೂ ಹೊರಳದೆ, ಬಲಕ್ಕೂ ಹೊರಳದೆ, ದಾರ ಎಳೆದ ಹಾಗೆ ನೆಟ್ಟಗೆ ಏರಿತು. ಜಾಲಿಯ ಗಿಡ ದಾಟಿತು. ಬಿಸಿಲು ಬಿದ್ದು ಕೆಂಪು ರೆಕ್ಕೆಯೊಳಗಿನ ಎಲುಬುಗಳು ಒಂದೊಂದೂ ಕಂಡವು, ತೇಪೆ ಹಚ್ಚಿದ್ದೂ ಕಂಡಿತು.

ಅವಳು ನಾಲ್ಕು ಸುತ್ತು ಹಾರಿಸಿದಳು. ಐದನೆಯದಕ್ಕೆ ಕೆಳಗೆ ತಂದಳು. ವಿಮಾನ ಉಸುಕಿನ ಮೇಲೆ ಹೊಟ್ಟೆಯೂರಿ, ಒಂದಿಷ್ಟು ಜಾರಿ ನಿಂತಿತು.

"ಕಂಡಕ್ಟರ್‌ಗೆ ಏನು ಹೇಳೂದು ಈಗ?" ಅಜ್ಜ ಏದುಸಿರು ಬಿಡುತ್ತ ಕೇಳಿದ.

"ನಾಳಿಂದಾನೇ ಬಾ ಅನ್ರಿ. ಮೇಜು ಅರ್ಧ ಅಂವಂದು." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹಿಡಿಯಾಕ ಒಬ್ರು ಬೇಕಲ್ರಿ ಅಂವಗೂ."

ಅವಳು ಬಗ್ಗಿ ಅಜ್ಜನ ಪಾದ ಮುಟ್ಟಿದಳು. ಯಾರ ಕಾಲಿಗೂ ಬಿದ್ದ ರೂಢಿ ಇಲ್ಲದ್ದರಿಂದ ಸೆರಗು ಕಾಲಿಗೆ ತೊಡರಿ, ಉಸುಕಿನಲ್ಲಿ ಕೂತೇಬಿಟ್ಟಳು. ಹಾಗೇ ಕೂತು ಕೇಳಿದಳು:

"ನಿಮ್ಮದೂ ಉಳೀತು, ನೀಲವ್ವಾಯಿದೂ ಉಳೀತು. ಈ ಋಣಾ ನಾ ಹೆಂಗ ತೀರಸ್ಲಿ ಅಜ್ಜಾರ?"

ಅಜ್ಜ ಅವಳನ್ನು ಎಬ್ಬಿಸಲು ಕೈ ಚಾಚಿದ.

"ತೀರಸಬ್ಯಾಡವ್ವಾ. ತೀರಿಸಿದ್ರ ನೀ ಮತ್ತ ಒಬ್ಬಾಕೇ ಆಗ್ತಿ."